ತೆರೆದ ಅಂಗಡಿಗೆ ಮುಚ್ಚಿದ ಬೋರ್ಡು

ಬೆಳಗ್ಗೆ ಒಂಬತ್ತೂವರೆಗೆ ಶಟರ್ ಎತ್ತುವುದು, ಮೇಜು ಒರೆಸುವುದು, ಆಮೇಲೆ ಬಾಗಿಲ ಕಡೆ ನೋಡುತ್ತಾ ಕೂರುವುದು. ನಾಲ್ಕು ತಿಂಗಳಿಂದ ಬೂಟಿನಮ್ಮನಿಗೆ ಇದೇ ಕೆಲಸ. ಗಿರಾಕಿ ಅನ್ನುವವರು ಒಬ್ಬರೂ ಇಲ್ಲ. ಬಂದವರೆಂದರೆ ದಾರಿ ಕೇಳುವವರು, ಇಲ್ಲವೇ ಚಿಲ್ಲರೆ ಕೇಳುವವರು. ನೊಣ ಹೊಡೆಯುತ್ತಾ ಕೂತಿದ್ದಾಳೆ ಎನ್ನೋಣವೆಂದರೆ, ಅಂಗಡಿಯನ್ನು ಅಷ್ಟು ಚೊಕ್ಕಟವಾಗಿ ಇಟ್ಟುಕೊಂಡಿದ್ದಳು, ನೊಣವೂ ಒಳಗೆ ಬರುತ್ತಿರಲಿಲ್ಲ.

ಅದು ಎಲ್ಲ ಕಡೆ ಇರುವಂಥ ಬೂಟಿನ ಅಂಗಡಿಯಲ್ಲ. ಒಂದು ಕಾಲು ಗಿಡ್ಡ ಇರುವವರಿಗೆ, ಪಾದ ಸೊಟ್ಟಗಿರುವವರಿಗೆ, ಬೆರಳು ಕಳೆದುಕೊಂಡವರಿಗೆ ಅಳತೆ ತೆಗೆದು ಬೂಟು ಹೊಲಿದು ಕೊಡುವ ಅಂಗಡಿ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಮರದ ಪಾದಗಳು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಜೊತೆ ಅಚ್ಚು, ಅದರ ಹಿಮ್ಮಡಿಯ ಮೇಲೆ ನಂಬರು. ಗಂಡ ಅಳತೆ ತೆಗೆದು ಅಚ್ಚು ಕೆತ್ತುತ್ತಿದ್ದ. ಒಳಕೋಣೆಯಲ್ಲಿ ಕೂತು ಚರ್ಮ ಹೊಲಿಯುವುದು, ಗಿಡ್ಡ ಕಾಲಿನ ಬೂಟಿಗೆ ಬೆಂಡಿನ ಪದರ ಕೂರಿಸಿ ಎತ್ತರ ಸರಿಮಾಡುವುದು ಬೂಟಿನಮ್ಮನ ಪಾಲಿನದು. ಒಂದು ಪದರ ಹೆಚ್ಚಾದರೆ ಸೊಂಟ ನೋವು, ಕಡಿಮೆಯಾದರೆ ಕುಂಟು. ಇಪ್ಪತ್ತೆರಡು ವರ್ಷ ಇಬ್ಬರೂ ಹೀಗೇ ದುಡಿದರು. ಬಂದವರ ಕಣ್ಣಿಗೆ ಬೀಳುತ್ತಿದ್ದವನು ಮಾತ್ರ ಅವನೊಬ್ಬನೇ.

ಆರು ತಿಂಗಳ ಹಿಂದೆ ಅವನು ಹೋಗಿಬಿಟ್ಟ. ಬೆಳಗ್ಗೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಎರಡು ತಿಂಗಳು ಶಟರ್ ಇಳಿದೇ ಇತ್ತು. ಆಮೇಲೆ ಬೂಟಿನಮ್ಮ ಮನಸ್ಸು ಗಟ್ಟಿಮಾಡಿಕೊಂಡು ಅಂಗಡಿ ತೆಗೆದಳು. ಅಚ್ಚು ಕೆತ್ತುವುದೂ ಅವಳಿಗೆ ಗೊತ್ತಿತ್ತು, ಅವನ ಪಕ್ಕದಲ್ಲೇ ಕೂತು ಕಲಿತದ್ದು. ಆದರೂ ಯಾರೂ ಬರಲಿಲ್ಲ. ಜನ ಬರುತ್ತಿದ್ದದ್ದು ಅವರ ಕೈಗುಣಕ್ಕೆ, ನನ್ನ ಕೈ ಯಾರಿಗೆ ಬೇಕು ಎಂದುಕೊಂಡಳು. ಗಂಡ ಹೋದ ದುಃಖ ಒಂದು ಕಡೆ, ಈ ಯೋಚನೆ ಇನ್ನೊಂದು ಕಡೆ. ಎರಡೂ ಸೇರಿ ಅವಳನ್ನು ಒಳಗೊಳಗೇ ತಿಂದುಹಾಕಿದವು.

ಕೊನೆಗೆ ಅಂಗಡಿ ಬಿಟ್ಟುಕೊಡುತ್ತೇನೆ ಎಂದು ಕಟ್ಟಡದ ಮಾಲೀಕರಿಗೆ ಹೇಳಿಯೇಬಿಟ್ಟಳು. ಮರದ ಅಚ್ಚುಗಳನ್ನು ಏನು ಮಾಡಲಿ ಎಂದು ಕೇಳಿದ್ದಕ್ಕೆ ಅವರು, ಸೌದೆಗೆ ಕೊಡಿ ಎಂದರು. ತಮಾಷೆಗಲ್ಲ, ನಿಜವಾಗಿಯೇ.

ಮಾರನೆಯ ದಿನ ಅವಳು ಪಕ್ಕದ ಜೆರಾಕ್ಸ್ ಅಂಗಡಿಗೆ ಹೋದಳು. ಅಲ್ಲಿರುವವಳಿಗೆ ಇನ್ನೂ ಮೂವತ್ತು ದಾಟಿಲ್ಲ, ಆದರೂ ಬೀದಿಯ ಮುದುಕರೂ ಅವಳನ್ನು ಜೆರಾಕ್ಸ್ ಅಕ್ಕ ಎಂದೇ ಕರೆಯುತ್ತಾರೆ. ಬೂಟಿನಮ್ಮ ಒಂದು ಚೀಟಿ ಕೊಟ್ಟು, ದೊಡ್ಡ ಅಕ್ಷರದಲ್ಲಿ ಒಂದು ಪ್ರಿಂಟ್ ತೆಗೆದುಕೊಡು ಎಂದಳು. ತಿಂಗಳ ಕೊನೆಗೆ ಅಂಗಡಿ ಮುಚ್ಚುತ್ತೇವೆ, ನಿಮ್ಮ ನಿಮ್ಮ ಅಚ್ಚು ಬೇಕಾದವರು ಬಂದು ಒಯ್ಯಬಹುದು ಎಂದು ಅದರಲ್ಲಿ ಬರೆದಿತ್ತು.

ಜೆರಾಕ್ಸ್ ಅಕ್ಕ ಟೈಪ್ ಮಾಡಿದಳು. ಕಟ್ಟಡದ ನಂಬರು ಸರಿಯಾಗಿ ಹಾಕೋಣ ಎಂದು ತನ್ನ ಫೋನಿನಲ್ಲಿ ಮ್ಯಾಪ್ ತೆಗೆದು ಅಂಗಡಿಯ ಹೆಸರು ಹುಡುಕಿದಳು. ನೋಡಿದವಳು ಫೋನನ್ನು ಮೆಲ್ಲಗೆ ಈ ಕಡೆ ತಿರುಗಿಸಿದಳು.

"ಅತ್ತಿಗೆ, ಈ ನೋಟೀಸು ಬೇಡ ಬಿಡಿ. ಯಾರೋ ನಿಮಗಿಂತ ಮುಂಚೇನೇ ಹಾಕಿಬಿಟ್ಟಿದಾರೆ."

ಫೋನಿನಲ್ಲಿ ಅವಳ ಗಂಡ ಅಂಗಡಿಯ ಮುಂದೆ ನಿಂತು ನಗುತ್ತಿದ್ದ ಫೋಟೋ. ಅದರ ಕೆಳಗೆ ಕೆಂಪು ಅಕ್ಷರ: ಶಾಶ್ವತವಾಗಿ ಮುಚ್ಚಲಾಗಿದೆ.

ಯಾರೂ ಕೇಡು ಬಯಸಿ ಮಾಡಿದ್ದಲ್ಲ ಎಂದು ಜೆರಾಕ್ಸ್ ಅಕ್ಕ ವಿವರಿಸಿದಳು. ಅಣ್ಣ ಇದ್ದಾಗ ಮ್ಯಾಪಿನಲ್ಲಿ ಅಂಗಡಿ ಸೇರಿಸಿ ತನ್ನ ನಂಬರು ಕೊಟ್ಟಿದ್ದ. ಆ ಎರಡು ತಿಂಗಳಲ್ಲಿ ಯಾರೋ ಬಂದು ಶಟರ್ ನೋಡಿ, ಫೋನ್ ಮಾಡಿ, ಅದೂ ಸ್ವಿಚ್ ಆಫ್ ಬಂದು, ಬೇರೆಯವರು ಸುಮ್ಮನೆ ಅಲೆಯುವುದು ಬೇಡ ಎಂದು ಮುಚ್ಚಿದೆ ಅಂತ ತಿಳಿಸಿರಬೇಕು. ಅಲ್ಲಿಂದ ಅದು ಹಾಗೇ ಉಳಿದುಬಿಟ್ಟಿದೆ.

ಬೂಟಿನಮ್ಮನಿಗೆ ನಂಬಿಕೆ ಬರಲಿಲ್ಲ. "ನಾನು ದಿನಾ ಶಟರ್ ಎತ್ತಿ ಕೂತಿದೀನಲ್ಲೇ. ಕಣ್ಣಿಗೆ ಕಾಣಲ್ವಾ ಜನಕ್ಕೆ?"

"ಯಾವ ಜನಕ್ಕೆ? ಈ ಬೀದೀಲಿ ಓಡಾಡೋರಿಗೆ ಎರಡು ಕಾಲೂ ನೆಟ್ಟಗಿವೆ ಅತ್ತಿಗೆ. ನಿಮ್ಮ ಗಿರಾಕಿಗಳು ಎರಡೆರಡು ಬಸ್ ಬದಲಾಯಿಸ್ಕೊಂಡು ಬರೋರು. ಕುಂಟ್ಕೊಂಡು ಅಷ್ಟು ದೂರ ಹೊರಡೋಕೆ ಮುಂಚೆ ಒಂದ್ಸಲ ಫೋನ್ ನೋಡಲ್ವಾ?"

ಕೆಳಗೆ ಜನ ಬರೆದ ಮಾತುಗಳಿದ್ದವು. ಅಂಗಡಿ ತೆಗೆದಿದೆಯಾ, ಯಾರಿಗಾದರೂ ಗೊತ್ತಾ ಎಂದು ಒಬ್ಬರು. ಯಜಮಾನರು ತೀರಿಕೊಂಡರಂತೆ ಎಂದು ಇನ್ನೊಬ್ಬರು. ಮೂರನೆಯದನ್ನು ಜೆರಾಕ್ಸ್ ಅಕ್ಕ ನಿಧಾನವಾಗಿ ಓದಿದಳು. 'ಅಳತೆ ತೆಗೆಯುತ್ತಿದ್ದವರು ಅವರು. ಆದರೆ ನನ್ನ ಎಡಗಾಲಿನ ಎತ್ತರವನ್ನು ಹದಿನಾಲ್ಕು ವರ್ಷ ಸರಿಯಾಗಿ ಕೂರಿಸಿದ್ದು ಒಳಕೋಣೆಯಲ್ಲಿ ಕೂರುವ ಅವರ ಹೆಂಡತಿ. ಅವರಾದರೂ ಎಲ್ಲಿದ್ದಾರೆ, ಯಾರಾದರೂ ಹೇಳುತ್ತೀರಾ?'

ಬೂಟಿನಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅದು ಲೈಬ್ರರಿಯಲ್ಲಿ ಕೆಲಸ ಮಾಡುವ ಹಳೆಯ ಗಿರಾಕಿ, ಲೈಬ್ರರಿ ಮೇಡಂ, ಬರೆದದ್ದು. ಅವರದ್ದು ನಲವತ್ತೊಂದನೇ ನಂಬರಿನ ಅಚ್ಚು. ತನ್ನ ಕೈಯನ್ನು ಗುರುತಿಟ್ಟುಕೊಂಡವರು ಒಬ್ಬರಿದ್ದರು, ಅವರು ತನ್ನನ್ನು ಹುಡುಕುತ್ತಿದ್ದರು. ತಾನು ಮಾತ್ರ ಇಲ್ಲೇ ಕೈಕಟ್ಟಿ ಕೂತು, ಯಾರಿಗೂ ಬೇಡವಾದೆ ಎಂದು ಅತ್ತಿದ್ದಳು.

ಈ ತಪ್ಪನ್ನು ಸರಿಮಾಡುವುದು ದೊಡ್ಡ ಕೆಲಸವಲ್ಲ, ಐದು ನಿಮಿಷದ್ದು ಎಂದಳು ಜೆರಾಕ್ಸ್ ಅಕ್ಕ. ಆದರೆ ಅಂಗಡಿಯ ಆ ಪುಟದ ಬೀಗದ ಕೈ ಅಣ್ಣನ ಫೋನಿನಲ್ಲೇ ಇದೆ. ಆ ಫೋನ್ ಬೇಕು. ಬೂಟಿನಮ್ಮನ ಮುಖ ಸಪ್ಪಗಾಯಿತು. ಫೋನ್ ಅತ್ತೆಯ ಬೀರುವಿನಲ್ಲಿತ್ತು, ಮಗನ ಅಂಗಿಗಳ ನಡುವೆ. ಅದನ್ನು ಸ್ವಿಚ್ ಆಫ್ ಮಾಡಿ ಅಲ್ಲಿಟ್ಟವರೂ ಅತ್ತೆಯೇ.

ಸಂಜೆ ಇಬ್ಬರೂ ಮನೆಗೆ ಹೋದರು. ಅತ್ತೆ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ವಿಷಯ ಕೇಳಿದ ಕೂಡಲೇ ಆಗಲ್ಲ ಎಂದರು. ಅವನ ಫೋನಿನಲ್ಲಿ ವ್ಯಾಪಾರ ಬೇಡ, ಅಂಗಡಿ ಹೋದರೆ ಹೋಗಲಿ. ಜೆರಾಕ್ಸ್ ಅಕ್ಕ ನಯವಾಗಿ ಹೇಳಿ ನೋಡಿದಳು. ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು. ಆ ಕಡೆ ನೋಡುತ್ತಲೇ ಹೇಳಿದರು.

"ದಿನಾ ಮಧ್ಯಾಹ್ನ ನಾನು ಆ ನಂಬರಿಗೆ ಫೋನ್ ಮಾಡ್ತೀನಿ. ಸ್ವಿಚ್ ಆಫ್ ಆಗಿದೆ ಅಂತ ಹೇಳುತ್ತೆ. ಸ್ವಿಚ್ ಆಫ್ ಅಂದ್ರೆ ಎಲ್ಲೋ ಕೆಲಸದಲ್ಲಿದಾನೆ, ಆಮೇಲೆ ತೆಗೀತಾನೆ ಅನ್ನಿಸುತ್ತೆ. ನಾಳೆ ಬೇರೆ ಯಾರಾದ್ರೂ ಎತ್ತಿ ಹಲೋ ಅಂದ್ರೆ, ಅವನು ನಿಜವಾಗ್ಲೂ ಹೋದ ಹಾಗೆ."

ಬೂಟಿನಮ್ಮ ಚೀಲದಿಂದ, ಗಿರಾಕಿಗಳ ಅಳತೆ ಮತ್ತು ಫೋನ್ ನಂಬರು ಬರೆದಿಟ್ಟ ಅಳತೆ ಪುಸ್ತಕ ತೆಗೆದಳು. ಲೈಬ್ರರಿ ಮೇಡಂಗಾದರೂ ಅಂಗಡಿ ಇದೆ ಎಂದು ತಿಳಿಸೋಣ ಎಂದುಕೊಂಡು, ನಲವತ್ತೊಂದನೇ ಪುಟ ನೋಡಿ ತನ್ನ ಫೋನಿನಿಂದಲೇ ಕರೆ ಮಾಡಿದಳು. ಅವಳ ಹಳೆಯ ಫೋನಿನ ದನಿ ಕೋಣೆಗೆಲ್ಲ ಕೇಳುತ್ತಿತ್ತು. ಆ ಕಡೆ ಮಾತಾಡಿದ್ದು ಮೇಡಂ ಅಲ್ಲ, ಅವರ ಮಗಳು.

"ಅಮ್ಮ ಮಲಗಿದಾರೆ. ಬೂಟಿನ ಅಡಿ ಸವೆದು ವಾಲಿತ್ತು. ನಿಮ್ಮ ಅಂಗಡಿ ಮುಚ್ಚಿದೆ ಅಂತ ತೋರಿಸ್ತು. ಬೇರೆ ಕಡೆ ಮಾಡಿಸಿದ್ವಿ, ಹೊಂದಲಿಲ್ಲ. ಹಳೇದನ್ನೇ ಹಾಕ್ಕೊಂಡು ಓಡಾಡಿದ್ರು, ಮೆಟ್ಟಿಲ ಮೇಲೆ ಬಿದ್ದುಬಿಟ್ರು. ಸೊಂಟದ ಮೂಳೆ. ಇನ್ನು ನಡೆಯೋದು ಕಷ್ಟ ಅಂದಿದಾರೆ ಡಾಕ್ಟರು."

ಯಾವಾಗ ಬಿದ್ದರು ಎಂದು ಬೂಟಿನಮ್ಮ ಕೇಳಿದಳು.

"ಮೂರು ವಾರ ಆಯ್ತು," ಎಂದಳು ಮಗಳು. "ನೀವು ಯಾವಾಗ ಅಂಗಡಿ ತೆಗೆದ್ರಿ?"

ನಾಲ್ಕು ತಿಂಗಳಾಯಿತು ಎಂದಳು ಬೂಟಿನಮ್ಮ. ಹೇಳಲೇಬೇಕಿತ್ತು. ಆ ಕಡೆಯಿಂದ ಬೈಗುಳವೂ ಬರಲಿಲ್ಲ. ಸರಿ, ಅಮ್ಮ ಎದ್ದ ಮೇಲೆ ತಿಳಿಸುತ್ತೇನೆ ಎಂದು ಮಗಳು ಫೋನಿಟ್ಟಳು. ಬೈದಿದ್ದರೆ ಒಳ್ಳೆಯದಿತ್ತು ಎನ್ನಿಸಿತು ಬೂಟಿನಮ್ಮನಿಗೆ. ಪುಸ್ತಕದ ಮೇಲೆ ತಲೆಯಿಟ್ಟು ಅತ್ತುಬಿಟ್ಟಳು.

ಅತ್ತೆ ಗೋಡೆ ಹಿಡಿದುಕೊಂಡು ಎದ್ದರು. ಬೀರು ತೆಗೆದರು. ಅಂಗಿಗಳ ನಡುವಿನಿಂದ ಫೋನ್ ತೆಗೆದು, ಸೆರಗಿನಿಂದ ಒರೆಸಿ, ಸೊಸೆಯ ಮಡಿಲಲ್ಲಿಟ್ಟರು.

"ಅವನು ಅಳತೆ ತೆಗೆದ ಕಾಲು ಅದು," ಎಂದರು. "ಫೋನ್ ಆಫ್ ಮಾಡಿದ್ದು ನಾನು. ತಗೋ, ಚಾರ್ಜಿಗೆ ಹಾಕು."

ಆ ವರ್ಷದ ರೀಚಾರ್ಜನ್ನು ಗಂಡ ಮೊದಲೇ ಮಾಡಿಸಿದ್ದರಿಂದ ನಂಬರು ಇನ್ನೂ ಉಳಿದಿತ್ತು. ಇನ್ನಷ್ಟು ತಡಮಾಡಿದ್ದರೆ ಅದೂ ಬೇರೆ ಯಾರದೋ ಪಾಲಾಗುತ್ತಿತ್ತು. ಮೊದಲು ನಂಬರನ್ನು ಬೂಟಿನಮ್ಮನ ಹೆಸರಿಗೆ ಮಾಡಿಸಿಕೊಂಡರು. ಅಂಗಡಿಯ ಪುಟವನ್ನು ಅವಳ ಫೋನಿಗೂ ಜೋಡಿಸಿದರು. ಒಬ್ಬರ ಕೈಯಲ್ಲೇ ಎಲ್ಲ ಇದ್ದರೆ ಹೀಗೇ ಆಗುತ್ತೆ, ಮನೆಯಲ್ಲಿ ಇಬ್ಬರಿಗಾದರೂ ಗೊತ್ತಿರಬೇಕು ಎಂದಳು ಜೆರಾಕ್ಸ್ ಅಕ್ಕ. ಮುಚ್ಚಲಾಗಿದೆ ಎಂಬುದು ಹೋಗಿ, ತೆರೆದಿದೆ ಎಂದಾಯಿತು. ತೆರೆಯುವ ಹೊತ್ತು, ಮುಚ್ಚುವ ಹೊತ್ತು, ವಾರದ ರಜೆ, ಬಸ್ಸು ಎಲ್ಲಿ ಇಳಿಯಬೇಕು, ಬಾಗಿಲಿಗೆ ಎಷ್ಟು ಮೆಟ್ಟಿಲು, ಎಲ್ಲ ಬರೆದರು.

ಅಂಗಡಿಯ ಬಗ್ಗೆ ಎರಡು ಸಾಲು ಬರೆಯುವಾಗ ಬೂಟಿನಮ್ಮ, ವಿಶೇಷ ಪಾದರಕ್ಷೆಗಳ ತಯಾರಕರು ಎಂದು ಹಾಕೋಣವೇ ಎಂದಳು. ಜೆರಾಕ್ಸ್ ಅಕ್ಕ ನಕ್ಕಳು, ಆ ವಾರದಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. ಕಾಲು ನೋಯುವವರು ಹಾಗೆ ಹುಡುಕುವುದಿಲ್ಲ, ಬಂದವರು ಬಾಯಲ್ಲಿ ಏನು ಹೇಳುತ್ತಿದ್ದರೋ ಅದನ್ನೇ ಬರೆಯಿರಿ ಎಂದಳು. 'ಒಂದು ಕಾಲು ಗಿಡ್ಡ ಇದ್ದವರಿಗೆ ಅಳತೆ ತೆಗೆದು ಬೂಟು ಮಾಡಿಕೊಡುತ್ತೇವೆ' ಎಂದು ಬರೆದರು.

ಬಾಗಿಲು ಕಾಣುವ ಹಾಗೆ ಒಂದು ಫೋಟೋ, ಹಲಗೆಯ ಮೇಲಿನ ಅಚ್ಚುಗಳದ್ದು ಒಂದು, ಬೂಟಿನಮ್ಮ ಬೆಂಡು ಕತ್ತರಿಸುತ್ತಿರುವುದು ಒಂದು. ಗಂಡನ ಫೋಟೋವನ್ನು ತೆಗೆಯಲಿಲ್ಲ, ಪಕ್ಕದಲ್ಲಿ ಇವಳದ್ದೂ ಬಂತು. ಹಳೆಯ ಪ್ರಶ್ನೆಗಳಿಗೆಲ್ಲ ತಡವಾಯಿತು ಕ್ಷಮಿಸಿ ಎಂದು ಒಂದೊಂದಾಗಿ ಉತ್ತರ ಬರೆದಳು. ನಡೆಯುವ ವ್ಯಾಯಾಮ ಕಲಿಸುವ ಆಸ್ಪತ್ರೆಗಳಿಗೆ ಅಂಗಡಿಯ ವಿಳಾಸ ಕಳಿಸಿದಳು. ನೆಂಟರ ಕೈಲಿ ಸುಳ್ಳು ಹೊಗಳಿಕೆ ಬರೆಸಬೇಡಿ, ಬೂಟು ಹೊಂದಿಕೊಂಡವರನ್ನು ಎರಡು ಮಾತು ಬರೆಯಿರಿ ಎಂದು ಕೇಳಿ, ಸಾಕು ಎಂದಿದ್ದಳು ಜೆರಾಕ್ಸ್ ಅಕ್ಕ. ಒಬ್ಬ ಫೋನ್ ಮಾಡಿ, ಹುಡುಕಿದವರಿಗೆ ನಿಮ್ಮ ಅಂಗಡಿಯೇ ಮೊದಲು ಕಾಣುವ ಹಾಗೆ ಮಾಡುತ್ತೇನೆ, ಬಂದ ಒಟಿಪಿ ಹೇಳಿ ಎಂದ. ಬೂಟಿನಮ್ಮ ಹೇಳಲಿಲ್ಲ.

ಗಿರಾಕಿಗಳೇನೂ ಸಾಲುಗಟ್ಟಿ ಬರಲಿಲ್ಲ. ಮೊದಲ ವಾರ ಒಬ್ಬರು, ಮುಂದಿನ ವಾರ ಇಬ್ಬರು. ಮಾಲೀಕರಿಗೆ ಅಂಗಡಿ ಬಿಡುವುದಿಲ್ಲ ಎಂದು ಹೇಳಲು ಅಷ್ಟು ಸಾಕಾಯಿತು.

ಒಂದು ಮಧ್ಯಾಹ್ನ ಗಂಡನ ಫೋನ್ ಬಡಿದುಕೊಂಡಿತು. ಅದರಲ್ಲಿ ಮೂಡಿದ ಹೆಸರು ಅಮ್ಮ. ಬೂಟಿನಮ್ಮ ಕೈಯಲ್ಲಿದ್ದ ಚಾಕು ಕೆಳಗಿಟ್ಟಳು. ಎತ್ತಬೇಕೋ ಬೇಡವೋ ತಿಳಿಯಲಿಲ್ಲ. ಕೊನೆಗೆ ಎತ್ತಿದಳು, ಬೇರೆಯವರಿಗೆ ಹೇಳುವಂತೆಯೇ ಹೇಳಿದಳು.

"ಬೂಟಿನ ಅಂಗಡಿ, ಹೇಳಿ."

ಆ ಕಡೆಯಿಂದ ಅತ್ತೆಯ ದನಿ ಬಂತು.

"ಅಂಗಡಿ ತೆಗೆದಿದೆಯೇನಮ್ಮ?"

"ತೆಗೆದಿದೆ ಅತ್ತೆ."

"ಹಾಗಾದ್ರೆ ಸರಿ," ಎಂದು ಅತ್ತೆ ಫೋನಿಟ್ಟರು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವು ಹೊಲಿಗೆಯವರೋ ಗಡಿಯಾರ ರಿಪೇರಿಯವರೋ ಮನೆಯಲ್ಲೇ ಅಡುಗೆ ಮಾಡಿ ಮಾರುವವರೋ ಗೊತ್ತಿಲ್ಲ. ಇದನ್ನು ಮಡಿಸಿಡುವ ಮೊದಲು ಫೋನ್ ತೆಗೆದು ನಿಮ್ಮ ಅಂಗಡಿಯ ಹೆಸರನ್ನು ನೀವೇ ಹುಡುಕಿ ನೋಡಿ, ಗುರುತು ಪರಿಚಯ ಇಲ್ಲದ ಗಿರಾಕಿ ಹುಡುಕುವ ಹಾಗೆ. ಅಲ್ಲಿರುವ ನಂಬರಿಗೆ ಒಮ್ಮೆ ಫೋನ್ ಮಾಡಿ, ಯಾರಾದರೂ ಎತ್ತುತ್ತಾರೆಯೇ ನೋಡಿ. ತಪ್ಪಿದ್ದರೆ ಇವತ್ತೇ ಸರಿಮಾಡಿ, ಮಾಡಲು ಬರದಿದ್ದರೆ ಬಲ್ಲವರನ್ನು ಕೇಳಿ, ನಾಚಿಕೆ ಬೇಡ. ಲೈಬ್ರರಿ ಮೇಡಂ ಅವರ ನಲವತ್ತೊಂದನೇ ನಂಬರಿನ ಅಚ್ಚು ಆ ಅಂಗಡಿಯ ಹಲಗೆಯ ಮೇಲೆ ಇನ್ನೂ ಇದೆ. ಬೂಟಿನಮ್ಮ ದಿನಾ ಅದರ ಧೂಳು ಒರೆಸುತ್ತಾಳೆ, ಆದರೆ ಅದರ ಮೇಲೆ ಇನ್ನು ಬೂಟು ಹೊಲಿಯುವುದಿಲ್ಲ.