ಅಮರಗುಂಡಪ್ಪನವರ ಸ್ಕ್ಯಾನ್ ವ್ರತ

ನನ್ನ ಗಂಡ ಅಮರಗುಂಡಪ್ಪನವರಿಗೆ ಮಸ್ಕಿಯಲ್ಲಿ ಕಿರಾಣಿ ಅಂಗಡಿ ಇದೆ, ಸಕ್ಕರೆ ಕಾಯಿಲೆ ಇದೆ, ಬುದ್ಧಿಯೊಂದು ಇಲ್ಲ. ಹೆಪಟೈಟಿಸ್ ಸಿ ವೈರಸ್ಸು ವರ್ಷಗಟ್ಟಲೆ ಇವರ ಲಿವರಿನಲ್ಲಿ ಠಿಕಾಣಿ ಹೂಡಿತ್ತು. ಮಾತ್ರೆ ನುಂಗಿದ ಮೇಲೆ ತೊಲಗಿತು. ತೊಲಗಿದ್ದೇ ತಡ, ಇವರು ಗೆಳೆಯರಿಗೆ ಪಾರ್ಟಿ ಕೊಡಲು ಹೊರಟರು!

ಸಿಂಧನೂರಿನ ಡಾಕ್ಟರು ಮಹೇಶ್ವರಿ ಗದರಿದರು. "ವೈರಸ್ ಹೋದ್ರೂ ಅದು ಮಾಡಿದ ಗಾಯ ಉಳದೈತ್ರಿ. ಲಿವರ್ ಗಟ್ಟಿ ಆಗೈತಿ. ಕುಡಿದ್ರ, ಸಕ್ಕರಿ ಏರಿದ್ರ, ಹೊಟ್ಟಿ ಬೆಳೆದ್ರ ಕ್ಯಾನ್ಸರ್ ಬರೂದು ಇನ್ನೂ ಸಲೀಸು. ಆರು ತಿಂಗಳಿಗೊಮ್ಮೆ ಖಾಲಿ ಹೊಟ್ಟೀಲೆ ಬಂದು ಸ್ಕ್ಯಾನ್ ಮಾಡಿಸ್ರಿ."

ಖಾಲಿ ಹೊಟ್ಟೆ! ಅಲ್ಲೇ ಕೆಟ್ಟಿತು. ನಾನು ಬಸ್ಸಿನಲ್ಲಿ ಸೀಟು ಹಿಡಿಯುವಷ್ಟರಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಬಜ್ಜಿ ಮಾರುವ ಗುಲ್ಷನ್‌ಬೀ ಕರಿದ ಮಿರ್ಚಿ ಇವರ ಹೊಟ್ಟೆ ಸೇರಿರುತ್ತಿತ್ತು. "ಪಾಪ, ಆಕಿ ಕರದು ಕೊಟ್ಟಳು. ಒಲ್ಲೆ ಅನ್ನಾಕ ಬರ್ತದೇನು?" ಎನ್ನುವರು. ಆಸ್ಪತ್ರೆಯವರು ನಾಳೆ ಬನ್ನಿ ಎಂದರೆ ಅಂಗಡಿಯ ನೆಪ. ಎರಡು ಸಲ ಹೀಗೇ ಆಯಿತು.

ಮೂರನೆಯ ಸಲ ಇವರ ಹಣೆತುಂಬ ವಿಭೂತಿ ಬಳಿದೆ. ಬಸ್‌ಸ್ಟ್ಯಾಂಡಿಗೆ ಕಾಲಿಟ್ಟವಳೇ ಕೂಗಿದೆ: "ನಮ್ಮವ್ರು ಹರಕಿ ಹೊತ್ತಾರ! ಸಿಂಧನೂರು ಮುಟ್ಟೂತನಕ ತುತ್ತು ತಿನ್ನಂಗಿಲ್ಲ, ಮಾತೂ ಆಡಂಗಿಲ್ಲ. ಯಾರೂ ಏನೂ ಕೊಡಬ್ಯಾಡ್ರೆಪ್ಪಾ!"

"ತೌಬಾ!" ಎಂದು ಗುಲ್ಷನ್‌ಬೀ ಕೈಯಲ್ಲಿದ್ದ ಮಿರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಳು. ಕಂಡಕ್ಟರ್ ನಾಸೀರ್ ಮುಂದಿನ ಸೀಟು ಬಿಡಿಸಿಕೊಟ್ಟ. ಗೊರೇಬಾಳಕ್ಕೆ ಹೊರಟಿದ್ದ ಅಜ್ಜಿಯೊಬ್ಬಳು ಇವರ ಕಾಲಿಗೆ ಬಿದ್ದು, ಮೊಮ್ಮಗಳಿಗೆ ಲಗ್ನ ಕೂಡಲೆಂದು ಬೇಡಿಕೊಂಡಳು. ಆಮೇಲೆ ಮಂಡಕ್ಕಿ ಮುಕ್ಕುತ್ತಿದ್ದವನನ್ನು, "ಸ್ವಾಮ್ಯಾರ ಮುಂದ ತಿನ್ನಾಕತ್ತೀಯಲ್ಲಲೇ, ನಾಚಿಕಿ ಇಲ್ಲೇನು?" ಎಂದು ಬೈದಳು. ಇವರು ಕೈಯೆತ್ತಿ ಹರಸಿದರು, ನನ್ನತ್ತ ಕಣ್ಣು ಕೆಂಪಗೆ ಮಾಡಿದರು. ಮಾಡಲಿ, ನನಗೇನು?

ಸ್ಕ್ಯಾನ್ ಕೋಣೆಯ ಬಾಗಿಲಲ್ಲಿ ಮಾತ್ರ ಇವರು ನನ್ನ ಸೆರಗು ಹಿಡಿದುಕೊಂಡರು.

"ಕಸ್ತೂರೀ, ಮಿರ್ಚಿ ಆಸೇಕ ತಿಂದಿದ್ದಿಲ್ಲ ನಾ. ಒಳಗ ಏನರ ಸಿಕ್ಕರ ಹೆಂಗ ಅಂತ ಅಂಜಿ ತಿಂದಿದ್ದೆ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ನನಗೂ ಅದೇ ಅಂಜಿಕೆ. "ಸಿಕ್ಕರ ಸಣ್ಣದಿದ್ದಾಗ ಸಿಗ್ಲಿ. ನಡೀರಿ," ಎಂದು ಒಳಗೆ ನೂಕಿದೆ.

ದೇವರು ದೊಡ್ಡವನು, ಏನೂ ಸಿಗಲಿಲ್ಲ. "ಆರು ತಿಂಗಳು ಬಿಟ್ಟು ಮತ್ತ ಬರ್ರಿ. ಕುಡೀಬ್ಯಾಡ್ರಿ," ಎಂದರು ಡಾಕ್ಟರು.

ಈ ಮನುಷ್ಯ ಕೇಳಬೇಕಲ್ಲ! ಮಸ್ಕಿಯಲ್ಲಿ ಇಳಿದವರೇ, "ಖುಷಿಗೆ ಒಂದು ಸಣ್ಣ ಬಾಟ್ಲಿ ಅಷ್ಟ," ಎಂದು ಬ್ರಾಂಡಿ ಅಂಗಡಿಯತ್ತ ನುಸುಳಿದರು. ನಾನು ಹಿಂದೆಯೇ ಓಡಿದೆ. ಹರಕೆಯ ಸುದ್ದಿ ಅಷ್ಟರಲ್ಲಿ ಊರೆಲ್ಲ ಹಬ್ಬಿತ್ತು. ವಿಭೂತಿ ಕಂಡದ್ದೇ ಅಂಗಡಿಯ ಸಿದ್ದಲಿಂಗೇಶ ಚಪ್ಪಲಿ ಬಿಟ್ಟು ಕೆಳಗಿಳಿದು ಬಂದ, ಕೈಮುಗಿದ.

"ಅಪ್ಪಾರೇ, ನೀವಽ ಇಲ್ಲಿತನಕ ಬಂದ್ರಿ! ನಮ್ಮ ಅಂಗಡಿಗೂ ಒಂದು ಆಶೀರ್ವಾದ ಮಾಡ್ರಿ."

ಇವರು ಸಾಲಾಗಿ ನಿಂತ ಬಾಟಲಿಗಳನ್ನು ನೋಡಿದರು, ನನ್ನನ್ನು ನೋಡಿದರು. ಬಲಗೈ ಎತ್ತಿ ಬ್ರಾಂಡಿ ಅಂಗಡಿಯನ್ನು ಹರಸಿ, ಬರಿಗೈಯಲ್ಲಿ ಮನೆಗೆ ನಡೆದರು.