ತಲೆ ತಗ್ಗಿಸುವ ಗಾಜು

ಕಾರಿನ ಬಾಗಿಲ ಹೊಟ್ಟೆಯೊಳಕ್ಕೆ ಮೊಣಕೈವರೆಗೂ ಕೈ ಇಳಿಬಿಟ್ಟು ಪುಟ್ಟಿ ಒಡೆದ ಗಾಜಿನ ಹರಳು ಆಯುತ್ತಿದ್ದಳು. ಒಳಗಿನ ಹೊದಿಕೆ ಬಿಚ್ಚಿಟ್ಟ ಮೇಲೆ ಅಷ್ಟು ದೊಡ್ಡ ಕಾರಿನ ಬಾಗಿಲೂ ಬರೀ ತೂತುಬಿದ್ದ ತಗಡು. ಆ ತೂತಿನಲ್ಲಿ ಅಪ್ಪನ ಕೈ ತೂರುತ್ತಿರಲಿಲ್ಲ. ಬಳೆ ತೆಗೆದಿಟ್ಟರೆ ಅವಳದು ತೂರುತ್ತಿತ್ತು. ಬೆರಳಿಗೆ ತಾಕಿದ ಹರಳನ್ನು ಒಂದೊಂದಾಗಿ ಎತ್ತಿ ಹಳೇ ಪೇಂಟಿನ ಡಬ್ಬಕ್ಕೆ ಹಾಕುವಳು. ಅದು ಟಿಣ್ ಅನ್ನುವುದು. ಮತ್ತೆ ಕೈ ಇಳಿಸುವಳು. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆಯೇ, ಆದರೆ ಇಲ್ಲಿ ಕಣ್ಣಿಗೆ ಕೆಲಸವಿಲ್ಲ, ಎಲ್ಲವನ್ನೂ ಬೆರಳೇ ನೋಡಬೇಕು.

ಆಚೆ ಬದಿಯಲ್ಲಿ ಅವಳಪ್ಪ ರಂಗನಾಯಕ ಹೊಸ ಗಾಜುಗಳನ್ನು ಕಂಬಳಿಯ ಮೇಲೆ ಮಲಗಿಸಿಕೊಂಡು ಅವುಗಳನ್ನೇ ನೋಡುತ್ತ ಕುಕ್ಕುರುಗಾಲಲ್ಲಿ ಕೂತಿದ್ದ. ಎಡಗಡೆಯ ಮುಂದಿನ ಬಾಗಿಲಿಗೊಂದು, ಹಿಂದಿನದಕ್ಕೊಂದು. ಬೆಂಗಳೂರಿನಿಂದ ಬರುವುದಕ್ಕೆ ಹದಿನೇಳು ದಿನ ಹಿಡಿದಿತ್ತು. ಇದು ಒಡೆದರೆ ಇನ್ನೊಂದಿಲ್ಲ ಎಂದು ಕಳಿಸಿದವರು ಫೋನಿನಲ್ಲೇ ಹೇಳಿದ್ದರು.

ಗುಂಡ್ಲುಪೇಟೆಯ ಊಟಿ ರಸ್ತೆಯ ಈ ಅಂಗಡಿಯಲ್ಲಿ ರಂಗನಾಯಕ ಇಪ್ಪತ್ತಾರು ವರ್ಷದಿಂದ ಗಾಡಿಗಳಿಗೆ ಗಾಜು ಕೂರಿಸುತ್ತಿದ್ದ. ಲಾರಿ, ಬಸ್ಸು, ಜೀಪು, ಯಾವುದೇ ಆಗಲಿ, ರಬ್ಬರಿಗೆ ಸೋಪಿನ ನೀರು ಬಳಿದು, ಸಂದಿಗೆ ದಾರ ಕೊಟ್ಟು ಎಳೆದನೆಂದರೆ ಎಂಥ ಗಾಜೂ ಅವನ ಮಾತು ಕೇಳುತ್ತಿತ್ತು. ಆದರೆ ಈ ಕಾರಿನ ಕಿಟಕಿಗೆ ಚೌಕಟ್ಟೇ ಇರಲಿಲ್ಲ. ಬಾಗಿಲು ತೆಗೆದರೆ ಗಾಜು ಆಚೆ ಈಚೆ ಯಾವ ಆಸರೆಯೂ ಇಲ್ಲದೆ ಒಂಟಿಯಾಗಿ ನಿಲ್ಲುತ್ತಿತ್ತು. ಅಂಥದನ್ನು ಅವನು ಈವರೆಗೆ ಮುಟ್ಟಿರಲಿಲ್ಲ. ಅದು ಪುಟ್ಟಿಗೆ ಗೊತ್ತಿತ್ತು. ಅಂಗಡಿಯ ಯಜಮಾನ ಶಿವಶಂಕರನಿಗೆ ಗೊತ್ತಿರಲಿಲ್ಲ. ಅಥವಾ ಅನುಮಾನವಿತ್ತೋ ಏನೋ, ಯಾವತ್ತೂ ಗಲ್ಲಾ ಬಿಟ್ಟು ಏಳದವನು ಇವತ್ತು ಬೆಳಗಿನಿಂದ ಕಾರಿನ ಎದುರಿಗೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತುಬಿಟ್ಟಿದ್ದ.

ಬೆಳಿಗ್ಗೆ ಷಟರ್ ಎತ್ತುವಾಗಲೇ ಅವನು ಹೇಳಿದ್ದ: "ರಂಗಣ್ಣ, ಇದೊಂದು ನೀಟಾಗಿ ಆಗ್ಲಿ. ಮೃತ್ಯುಂಜಯಣ್ಣ ಬರೀ ಗಿರಾಕಿ ಅಲ್ಲ, ನಮ್ಮ ನೆಂಟ್ರು. ಹೆಚ್ಚುಕಮ್ಮಿ ಆದ್ರೆ ಮೈಸೂರಿನ ಹುಡುಗ್ರನ್ನ ಕರೆಸ್ಬುಡ್ತೀನಿ. ಆಮೇಲೆ ನೀನು ಬೇಜಾರು ಮಾಡ್ಕಬ್ಯಾಡ, ಮನೇಲಿರು."

ರಂಗನಾಯಕ "ಆಯ್ತು ಸಾವ್ಕಾರ್ರೆ" ಅಂದಿದ್ದ. ಆಮೇಲೆ ಎರಡು ಸಲ ಕೈ ತೊಳೆದುಕೊಂಡಿದ್ದ.

ಹದಿನೇಳು ದಿನದ ಹಿಂದೆ ಈ ಕಾರು ಬಂದ ಗಳಿಗೆ ಪುಟ್ಟಿಗೆ ಚೆನ್ನಾಗಿ ನೆನಪಿತ್ತು. ಚಾಮರಾಜನಗರದಲ್ಲಿ ಅರಿಸಿನದ ಮಂಡಿ ಇಟ್ಟಿರುವ ಮೃತ್ಯುಂಜಯಪ್ಪ ಕಾರಿಂದ ಇಳಿದು, ಟೀ ಲೋಟ ಹಿಡಿದೇ ಕಥೆ ಶುರುಮಾಡಿದ್ದರು. "ಪುಣಜನೂರು ದಾಟಿ ಎರಡು ಮೈಲಿ ಕಣಯ್ಯ. ಪಕ್ಕದಲ್ಲಿ ಕಬ್ಬಿನ ಲಾರಿ ನಿಂತಿತ್ತು. ಆನೆ ಬಂತು, ಒಂದ್ ಕಂತೆ ಕಬ್ಬು ಎಳ್ಕತು, ತಿರುಗ್ತು. ಅಷ್ಟೇ. ಕಬ್ಬಿನ ಬುಡ ಬಡಿದು ಎರಡೂ ಗಾಜು ಪುಡಿ. ಅದು ನಮ್ ಕಡೆ ಕಣ್ಣೆತ್ತೂ ನೋಡ್ಲಿಲ್ಲ!"

"ನಿಮ್ ಕಾರಿನ ರೇಟು ಅದ್ಕೇನ್ ಗೊತ್ತು ಬುದ್ಯೋರೆ" ಎಂದು ರಂಗನಾಯಕ ಅಂದಿದ್ದಕ್ಕೆ ಎಲ್ಲರೂ ನಕ್ಕಿದ್ದರು.

ಅವರು ನಗುತ್ತಿದ್ದಾಗ ಪುಟ್ಟಿ ಕಾರನ್ನು ನೋಡುತ್ತಿದ್ದಳು. ಮೃತ್ಯುಂಜಯಪ್ಪ ಕನ್ನಡಕ ಮರೆತೆನೆಂದು ಒಡೆಯದೆ ಉಳಿದ ಬಲಗಡೆಯ ಬಾಗಿಲಿನ ಹಿಡಿ ಎಳೆದರು. ಎಳೆದೊಡನೆ ಗುಂಯ್ ಎಂದು ಗಾಜು ಒಂದು ಬೆರಳಿನಷ್ಟು ಕೆಳಗಿಳಿಯಿತು. ಬಾಗಿಲು ಹಾಕಿದ ಮೇಲೆ ಮತ್ತೆ ಮೇಲೇರಿ ಸೂರಿನ ರಬ್ಬರಿನೊಳಗೆ ನೆತ್ತಿ ಸೇರಿಸಿಕೊಂಡಿತು. ಅಜ್ಜಿಯ ಮನೆಯ ಗಿಡ್ಡ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಹೋಗಿ, ಹೋದ ಮೇಲೆ ನೆಟ್ಟಗೆ ನಿಲ್ಲುವವರ ಹಾಗೆ. ಪುಟ್ಟಿಗೆ ಅದು ಬಹಳ ಇಷ್ಟವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಅವಳು ಯಾರಿಗೂ ಏನೂ ಹೇಳುವವಳಲ್ಲ. ಒಂಬತ್ತನೇ ಕ್ಲಾಸಿನಲ್ಲಿ ಎದ್ದುನಿಂತು ಪಾಠ ಓದು ಅಂದಾಗ ಗಂಟಲಿಂದ ದನಿಯೇ ಹೊರಡದೆ, ಹುಡುಗರು ನಕ್ಕು, ಆ ವಾರವೇ ಅವಳು ಶಾಲೆ ಬಿಟ್ಟದ್ದು. ನಾಲ್ಕು ವರ್ಷವಾಯಿತು. ಬದನಗುಪ್ಪೆಯ ಗಾರ್ಮೆಂಟ್ಸಿಗಾದರೂ ಕಳಿಸು ಎಂದು ಅವ್ವ ಮಾದಮ್ಮ ದಿನಾ ಗೊಣಗುತ್ತಿದ್ದಳು. "ಇವ್ಳ ಕೈ ನಂಗ್ ಬೇಕು, ಸುಮ್ಕಿರು" ಎಂದು ಅಪ್ಪ ತನ್ನ ಜೊತೆಗೇ ಇಟ್ಟುಕೊಂಡಿದ್ದ.

ಮಧ್ಯಾಹ್ನದ ಹೊತ್ತಿಗೆ ಎರಡೂ ಗಾಜು ಬಾಗಿಲೊಳಗೆ ಇಳಿದವು. ಪುಟ್ಟಿ ಕೆಳಗಿನಿಂದ ಅಂಗೈಯಲ್ಲಿ ಆತುಕೊಂಡಳು, ಅಪ್ಪ ನಟ್ಟು ತಿರುಗಿಸಿದ. ಎತ್ತರ ನೋಡಿದ, ಬಿಚ್ಚಿದ, ಮತ್ತೆ ಬಿಗಿದ. ಮೂರು ಗಂಟೆಗೆ ಎರಡೂ ಗಾಜು ತೆರೆದ ಬಾಗಿಲುಗಳ ಮೇಲೆ ನೆಟ್ಟಗೆ ನಿಂತಿದ್ದವು. ಆನೆಯ ಗುರುತೇ ಇಲ್ಲ. ಅಪ್ಪ ಬೆನ್ನು ನೆಟ್ಟಗೆ ಮಾಡಿ ಬೆಳಗಿನಿಂದ ಮೊದಲ ಸಲ ಎಲೆಅಡಿಕೆ ಹಾಕಿಕೊಂಡ.

ಬಾಗಿಲ ಹೊದಿಕೆಯನ್ನು ಮತ್ತೆ ಕೂರಿಸಿದ ಮೇಲೆ ಪುಟ್ಟಿ ಹಿಡಿ ಒರೆಸುತ್ತ ಹಾಗೇ ಒಮ್ಮೆ ಅದನ್ನು ಎಳೆದಳು. ಗುಂಯ್ ಅನ್ನಲಿಲ್ಲ. ಗಾಜು ಅಲ್ಲಾಡಲಿಲ್ಲ. ಇನ್ನೊಮ್ಮೆ ಎಳೆದಳು. ಇಲ್ಲ.

ಕಾರಿನ ಹಿಂದೆ ತೆರೆದಿಟ್ಟ ಡಿಕ್ಕಿಯತ್ತ ಅವಳ ಕಣ್ಣು ಹೋಯಿತು. ಯಾವ ಗಾಡಿಯೇ ಬರಲಿ, ಅಪ್ಪ ಮೊದಲು ಬ್ಯಾಟರಿಯ ವೈರು ಬಿಚ್ಚುತ್ತಿದ್ದ. ಹಿಂದೊಮ್ಮೆ ಜೀಪಿನಲ್ಲಿ ಕಿಡಿ ಹಾರಿ ಅವನ ಬಲಗೈಯ ಕೊನೆಯ ಎರಡು ಬೆರಳು ಸುಟ್ಟು ಒಂದಕ್ಕೊಂದು ಅಂಟಿಕೊಂಡಿದ್ದವು. ಅಂದಿನಿಂದ ಅದೇ ಕಟ್ಟಳೆ: ಕೆಲಸ ಮುಗಿದು, ಪೂಜೆಯೂ ಮುಗಿದು, ಕರ್ಪೂರ ಆರಿದ ಮೇಲೆಯೇ ಕರೆಂಟು. ಈ ಕಾರಿನ ಬ್ಯಾಟರಿ ಡಿಕ್ಕಿಯಲ್ಲಿತ್ತು. ಬಿಚ್ಚಿದ ವೈರು ಅಲ್ಲೇ ಪಕ್ಕಕ್ಕೆ ಮಲಗಿತ್ತು.

ಕರೆಂಟಿಲ್ಲದೆ ಗಾಜು ತಲೆ ತಗ್ಗಿಸುವುದಿಲ್ಲ. ತಗ್ಗಿಸದ ತಲೆ ಮೇಲಿನ ಸೂರಿಗೆ ಬಡಿಯುತ್ತದೆ. ಪುಟ್ಟಿ ಗಾಜಿನ ಅಂಚನ್ನೂ ಸೂರಿನ ರಬ್ಬರನ್ನೂ ಕಣ್ಣಲ್ಲೇ ಅಳೆದಳು. ಒಂದು ಬೆರಳು ಹೆಚ್ಚಿತ್ತು.

ಆ ಅಂಗಡಿಗೆ ಇನ್ನೊಂದು ಕಟ್ಟಳೆಯಿತ್ತು. ಶಿವಶಂಕರನ ತಂದೆ ಮರಿಮಲ್ಲಪ್ಪನವರ ಕಾಲದ್ದು. ಹೊಸ ಗಾಜಿಗೆ ವಿಭೂತಿ ಎಳೆದು, ಕರ್ಪೂರ ಹಚ್ಚಿ, ಅದು ಉರಿಯುತ್ತಿರುವಾಗಲೇ ಬಾಗಿಲನ್ನು ಮೊದಲ ಸಲ ಗಾಡಿಯ ಯಜಮಾನನೇ ಹಾಕಬೇಕು. ಎಷ್ಟು ಜೋರಾಗಿ ಹಾಕಿದರೆ ಅಂಗಡಿಗೆ ಅಷ್ಟು ಒಳ್ಳೆಯದು. ಲಾರಿಯವರು ದಡಾರ್ ಅನ್ನಿಸಿ ನಗುತ್ತಿದ್ದರು.

ಪುಟ್ಟಿ ಅಪ್ಪನತ್ತ ತಿರುಗಿದಳು.

"ಅಪ್ಪ."

"ಏನಮ್ಮಿ?"

"ಗಾಜು... ಇಳೀತಿಲ್ಲ."

"ಇಳಿಸಾದ್ಯಾಕೆ? ಈಗ ತಾನೆ ಏರ್ಸಿವ್ನಿ."

ಕುರ್ಚಿಯಿಂದ ಶಿವಶಂಕರ ಕತ್ತು ಚಾಚಿದ. "ಏನಂತೆ ರಂಗಣ್ಣ? ನಿನ್ ಮಗಳು ಮಾತಾಡದ್ಲಾ? ಮಳೆ ಬತ್ತದೆ ಇವತ್ತು! ಏನ್ ತಪ್ ಕಂಡ್ಲಂತೆ ಮೇಸ್ತ್ರಮ್ಮ?"

"ಏನಿಲ್ಲ ಸಾವ್ಕಾರ್ರೆ, ಸುಮ್ಕೆ" ಅಂದ ಅಪ್ಪ. ಪುಟ್ಟಿ ತಲೆ ತಗ್ಗಿಸಿದಳು. ಜೋರಾಗಿ ಹೇಳಿದರೆ ರಂಗಣ್ಣನಿಗೆ ಈ ಕೆಲಸ ಗೊತ್ತೇ ಇಲ್ಲ ಎಂದು ಕುರ್ಚಿಯಲ್ಲಿದ್ದವನಿಗೆ ಗೊತ್ತಾಗುತ್ತದೆ. ನಾಳೆ ಮೈಸೂರಿನ ಹುಡುಗರು ಬರುತ್ತಾರೆ. ಹೇಳದಿದ್ದರೆ ಗಾಜು ಹೋಗುತ್ತದೆ. ನಾಳೆ ಮೈಸೂರಿನ ಹುಡುಗರೇ ಬರುತ್ತಾರೆ. ಕುರ್ಚಿಯವನು ಒಂದು ಗಳಿಗೆ ಎದ್ದರೆ ಸಾಕಿತ್ತು. ಅವನು ಟೀ ತರಿಸಿದ, ಪೇಪರ್ ಓದಿದ, ಫೋನಿನಲ್ಲಿ ಮಾತಾಡಿದ, ಎದ್ದೇಳಲಿಲ್ಲ.

ಐದು ಗಂಟೆಗೆ ಅಪ್ಪ ಸ್ಪ್ಯಾನರುಗಳನ್ನು ಒರೆಸಿಡುತ್ತಿದ್ದಾಗ ಅವಳು ಹತ್ತಿರ ಹೋಗಿ ಬಗ್ಗಿದಳು. "ಅಪ್ಪ, ವೈರು ಮೊದ್ಲು..."

"ವೈರ್ ತಾವ್ಕೆ ಓಗ್ಬ್ಯಾಡ ಅಂತ ಎಷ್ಟ್ ದಪ ಯೋಳಿವ್ನಿ?" ಅವನು ಸುಟ್ಟ ಬೆರಳುಗಳನ್ನು ಅವಳ ಮುಖದ ಮುಂದೆ ಹಿಡಿದ. "ಇದ ನೋಡಿಲ್ವ ನೀನು? ಓಗು, ಆ ಹರಳ್ನೆಲ್ಲ ಗುಡ್ಸು."

ಅವಳು ಹೋಗಿ ಗುಡಿಸಿದಳು. ಗುಡಿಸಿದ ಜಾಗವನ್ನೇ ಇನ್ನೊಮ್ಮೆ ಗುಡಿಸಿದಳು.

ಆರು ಗಂಟೆಗೆ ಮೃತ್ಯುಂಜಯಪ್ಪ ಆಟೋದಿಂದ ಇಳಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಹಣ್ಣಿನ ಬುಟ್ಟಿ. "ಆಯ್ತೇನಯ್ಯ? ಬೇಗ ಬೇಗ. ಬೀಗ್ರು ಗೂಡಲೂರಲ್ಲಿ ಕಾಯ್ತಾವ್ರೆ. ಒಂಬತ್ತಕ್ಕೆ ಬಂಡೀಪುರದ ಗೇಟ್ ಹಾಕ್ಬುಟ್ರೆ ಈ ಹಣ್ಣೆಲ್ಲ ಆನೆಗೇ ಕೊಡ್ಬೇಕು."

"ಆಗೋಗದೆ ಅಣ್ಣ, ಪೂಜೆ ಒಂದು" ಎಂದು ಶಿವಶಂಕರ ಕೊನೆಗೂ ಕುರ್ಚಿಯಿಂದ ಎದ್ದ. ಆದರೆ ಈಗ ಎಲ್ಲರೂ ಕಾರಿನ ಸುತ್ತಲೇ ನಿಂತಿದ್ದರು. ಗಾಜಿನ ಮೇಲೆ ಮೂರು ಬೆರಳು ವಿಭೂತಿ ಬಿತ್ತು. ಅಪ್ಪ ಕೈಮುಗಿದು ನಿಂತ. ಅವನ ತುಟಿ ಅಲ್ಲಾಡುತ್ತಿತ್ತು. ಇವತ್ತು ಅವನು ಗೆದ್ದಿದ್ದ. ಅವನ ಮುಖದಲ್ಲಿ ಅದು ಕಾಣುತ್ತಿತ್ತು. ಪುಟ್ಟಿ ಒರೆಸುವ ಬಟ್ಟೆಯನ್ನು ಮುಷ್ಟಿಯಲ್ಲಿ ಉಂಡೆ ಮಾಡಿ ಹಿಡಿದುಕೊಂಡು ಮುಂದಿನ ಬಾಗಿಲ ಪಕ್ಕಕ್ಕೆ ಬಂದು ನಿಂತಳು. ಗಂಟಲಲ್ಲಿ ಮಾತು ಇತ್ತು. ಒಂಬತ್ತನೇ ಕ್ಲಾಸಿನಲ್ಲಿ ನಿಂತಲ್ಲೇ ನಿಂತಿತ್ತು.

ಕರ್ಪೂರ ಹೊತ್ತಿತು.

"ಹಾಕಿ ಅಣ್ಣ, ಜೋರಾಗಿ ಹಾಕಿ" ಅಂದ ಶಿವಶಂಕರ. "ಬಸ್‌ಸ್ಟ್ಯಾಂಡ್‌ಗೆ ಕೇಳ್ಬೇಕು ಅಂತಿದ್ರು ನಮ್ಮಪ್ಪ."

ಮೃತ್ಯುಂಜಯಪ್ಪ ನಕ್ಕು, ಅಂಗಿಯ ತೋಳು ಮೇಲೆ ಸರಿಸಿ, ಲಾರಿಯ ಬಾಗಿಲು ಹಾಕುವವರ ಹಾಗೆ ಬೀಸಿದರು.

ಪುಟ್ಟಿ ಬಾಗಿಲ ಸಂದಿಗೆ ಕೈ ಚಾಚಿದಳು.

ದಡಾರ್ ಅನ್ನಲಿಲ್ಲ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದಂಥ ಸದ್ದಾಯಿತು. ಬಾಗಿಲು ಅವಳ ಮುಷ್ಟಿಗೆ ಬಡಿದು ವಾಪಸು ತೆರೆದುಕೊಂಡಿತು. ಗಾಜು ಸೂರಿನ ಹತ್ತಿರ ಹೋಗಿ, ತಾಕದೆ, ನಡುಗಿ ನಿಂತಿತು.

"ಅಯ್ಯಯ್ಯೋ ಶಿವನೆ!" ಮೃತ್ಯುಂಜಯಪ್ಪ ಹಣ್ಣಿನ ಬುಟ್ಟಿ ಕೆಳಗಿಟ್ಟರು. "ಎಲ್ಲಿದ್ಲಯ್ಯ ಈ ಮಗು?"

"ಕಣ್ ಕಾಣಲ್ವೇನಮ್ಮಿ ನಿಂಗೆ!" ಶಿವಶಂಕರ ಕೂಗಿದ. "ಕರ್ಪೂರ ಉರಿಯೋವಾಗ ರಕ್ತ! ಯಾವ ಬುದ್ಧಿ ಇದು? ಅಲ್ಲಿಗ್ಯಾಕೆ ಕೈ ಹಾಕ್ದೆ?"

ಬಟ್ಟೆಯ ಉಂಡೆ ಕೆಂಪಾಗುತ್ತಿತ್ತು. ಪುಟ್ಟಿ ಅಳಲಿಲ್ಲ. "ಕಲೆ ಇತ್ತು" ಅಂದಳು. ದನಿ ಹೊರಗೆ ಬಂತು. "ವರ್ಸಕೆ ಓದೆ."

"ದಡ್ಡಿ! ಪೂರಾ ದಡ್ಡಿ!"

ರಂಗನಾಯಕ ಅವಳ ಕೈ ಹಿಡಿದು ಬಟ್ಟೆ ಬಿಡಿಸಿದ. ಮೂರು ಬೆರಳು ಬಾತುಕೊಳ್ಳುತ್ತಿದ್ದವು. ಬೈಯುವುದಕ್ಕೆಂದು ಮುಖ ಎತ್ತಿದ. ಮಗಳು ತನ್ನ ಕೈಯನ್ನು ನೋಡುತ್ತಿರಲಿಲ್ಲ. ಗಾಜಿನ ಮೇಲಂಚನ್ನು ನೋಡುತ್ತಿದ್ದಳು. ಅವನೂ ನೋಡಿದ. ಗಾಜು, ಅದರ ಮೇಲೆ ರಬ್ಬರು, ಆಮೇಲೆ ಹಿಂದೆ ತೆರೆದ ಡಿಕ್ಕಿ. ಬಾಯೊಳಗಿನ ಎಲೆಅಡಿಕೆ ಅಗಿಯುವುದು ನಿಂತಿತು.

ಅವನು ಡಿಕ್ಕಿಯ ಹತ್ತಿರ ಹೋದ. ಬಿಚ್ಚಿಟ್ಟ ವೈರನ್ನು ಬ್ಯಾಟರಿಗೆ ಕೂರಿಸಿ ಬಿಗಿದ. ಬಾಗಿಲಿನ ಸಣ್ಣ ದೀಪ ಹೊತ್ತಿಕೊಂಡಿತು. ಅವನು ಬಂದು ಗುಂಡಿ ಒತ್ತಿ ಎರಡೂ ಗಾಜುಗಳನ್ನು ಪೂರಾ ಇಳಿಸಿ ಪೂರಾ ಏರಿಸಿದ. ಹಿಡಿ ಎಳೆದ. ಗುಂಯ್ ಎಂದು ಗಾಜು ಒಂದು ಬೆರಳು ತಲೆ ತಗ್ಗಿಸಿತು.

"ಈಗ ಹಾಕಿ ಬುದ್ಯೋರೆ" ಅಂದ. "ಮೆಲ್ಲಗೆ."

ಬಾಗಿಲು ಟಪ್ ಎಂದು ಮುಚ್ಚಿಕೊಂಡಿತು. ಮೃತ್ಯುಂಜಯಪ್ಪ ಗಾಜಿನ ಮೇಲೆ ಕೈಯಾಡಿಸಿ ನೋಡಿದರು. "ಕೆಲ್ಸ ಅಂದ್ರೆ ಇದು ಕಣಯ್ಯ ಶಿವಶಂಕರ. ಮೈಸೂರಲ್ಲೂ ಹಿಂಗ್ ಕೂರ್ಸಲ್ಲ." ಹೊರಡುವ ಮುಂಚೆ ಬುಟ್ಟಿಯಿಂದ ಎರಡು ಸೇಬು ತೆಗೆದು ಪುಟ್ಟಿಯ ಚೆನ್ನಾಗಿದ್ದ ಕೈಗೆ ಕೊಟ್ಟು, "ಆಸ್ಪತ್ರೆಗೆ ಕರ್ಕೊಂಡೋಗ್ರಪ್ಪ" ಅಂದರು. ರಂಗನಾಯಕ ತಲೆ ಎತ್ತಲಿಲ್ಲ.

ಷಟರ್ ಎಳೆಯುವಾಗ ಶಿವಶಂಕರನ ಸಿಟ್ಟು ಇಳಿದಿತ್ತು. "ಕೆಲ್ಸ ಚೆನ್ನಾಗಾಯ್ತು ರಂಗಣ್ಣ. ಮೈಸೂರಿನೋರ ಮಾತು ಬುಡು ಇನ್ನ. ಆದ್ರೆ ಈ ಹುಡ್ಗೀನ ನಾಳೆಯಿಂದ ಕರ್ಕೊಂಡ್ ಬರ್ಬ್ಯಾಡ. ಗ್ಯಾನ ಇಲ್ಲ ಅವ್ಳಿಗೆ. ಬದನಗುಪ್ಪೆಗೆ ಸೇರ್ಸು, ಕಂಪನಿ ಬಸ್ಸೇ ಬತ್ತದೆ."

ಅಪ್ಪ ಏನಾದರೂ ಹೇಳುತ್ತಾನೆಂದು ಪುಟ್ಟಿ ಕಾದಳು. "ಆಯ್ತು ಸಾವ್ಕಾರ್ರೆ" ಅಂದ ಅವನು.

ಆಸ್ಪತ್ರೆಯಲ್ಲಿ ಮೂರು ಬೆರಳನ್ನೂ ಸೇರಿಸಿ ಕಟ್ಟು ಹಾಕಿದರು. ಮನೆಗೆ ಹೊರಟ ತೆರಕಣಾಂಬಿಯ ಬಸ್ಸಿನಲ್ಲಿ ಅವಳಿಗೆ ಕಿಟಕಿ ಸಿಕ್ಕಿತು. ಅಪ್ಪ ಸಾಮಾನಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತ. ಊರಿನ ದೀಪಗಳು ಹಿಂದಾದವು. ಬಸ್ಸಿನ ಕಿಟಕಿಯ ಗಾಜು ಸಡಿಲವಾಗಿ ಗಡಗಡ ಅನ್ನುತ್ತಿತ್ತು.

"ಮದ್ಯಾನ ಯೋಳಕ್ ಬಂದಿದ್ದು ಅದೇಯಾ?" ಅಪ್ಪ ಕೇಳಿದ.

"ಊಂ."

ಅವನು ಅವಳ ಬಿಳೀ ಕಟ್ಟನ್ನು ನೋಡಿದ. ಅಂಟಿಕೊಂಡ ಮೂರು ಬೆರಳು. ಆಮೇಲೆ ತನ್ನ ಕೈ ನೋಡಿಕೊಂಡ. ಅವಳ ಮಡಿಲಲ್ಲಿ ಬಿದ್ದಿದ್ದ, ಹೆಂಗಸರಿಗೆ ಕೊಡುವ ಸೊನ್ನೆ ರೂಪಾಯಿಯ ಟಿಕೆಟ್ಟನ್ನು ಎತ್ತಿ, ನಾಲ್ಕು ಮಡಿಕೆ ಮಾಡಿ, ಅವಳ ಮುಂದಿನಿಂದ ಕೈ ಚಾಚಿ ಗಾಜಿನ ಸಂದಿಗೆ ಒತ್ತಿ ತುರುಕಿದ. ಗಡಗಡ ನಿಂತಿತು.

"ಅಪ್ಪ" ಅಂದಳು ಪುಟ್ಟಿ. "ಕೈ ವಾಸಿಯಾದ್ ಮ್ಯಾಲೆ ನನ್ನೂ ಅಂಗ್ಡಿಗ್ ಕರ್ಕೊಂಡೋಗು."

ಬಸ್ಸು ತಿರುವಿನಲ್ಲಿ ವಾಲಿತು. ಸಂದಿಯ ಕಾಗದ ಬೀಳದ ಹಾಗೆ ಅಪ್ಪ ಅದನ್ನು ಹೆಬ್ಬೆರಳಲ್ಲಿ ಒತ್ತಿಹಿಡಿದುಕೊಂಡೇ ಕೂತಿದ್ದ.