ಅಂಟು ಹಿಡಿಯದ ಟ್ಯಾಂಕು

ಬೆಳಗಿನ ಮೊದಲ ಗಿರಾಕಿಯ ತಲೆಗೆ ಶಾಂಪೂ ಹಚ್ಚಿ, ಚೆನ್ನಾಗಿ ನೊರೆ ಬರಿಸಿ ನಲ್ಲಿ ತಿರುಗಿಸಿದರೆ, ಅದು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಪಾರ್ಲರ್ ಅಕ್ಕ ಕುಡಿಯುವ ನೀರಿನ ಕ್ಯಾನು ಬಗ್ಗಿಸಿ ಹೇಗೋ ಆ ತಲೆ ತೊಳೆದಳು. ಟವೆಲ್ ಸುತ್ತಿ ಗಿರಾಕಿಯನ್ನು ಕೂರಿಸಿ, ಒದ್ದೆ ಕೈಯಲ್ಲೇ ಮೂರು ಮಹಡಿ ಹತ್ತಿ ತಾರಸಿಗೆ ಹೋದಳು. ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನ ಬುಡದಲ್ಲಿ, ಪೈಪು ಹೊರಡುವ ಜಾಗದ ಪಕ್ಕ, ಗೇಣುದ್ದ ಸೀಳು ಬಿಟ್ಟಿತ್ತು. ರಾತ್ರಿಯೆಲ್ಲ ಹರಿದ ನೀರು ತಾರಸಿಯ ಮೂಲೆಯಲ್ಲಿ ಹೊಂಡ ಕಟ್ಟಿತ್ತು.

ಬೀದಿಯವರೆಲ್ಲ ಅವಳನ್ನು ಕರೆಯುವುದೇ ಪಾರ್ಲರ್ ಅಕ್ಕ ಅಂತ. ಕೆಳಗಿನ ಅಂಗಡಿಯಲ್ಲಿ ಪಾರ್ಲರು, ಅದರ ಹಿಂದಿನ ಎರಡು ಕೋಣೆಯಲ್ಲಿ ಮನೆ. ಗಂಡ ತೀರಿಕೊಂಡ ಮೇಲೂ ಅತ್ತೆ ಸೊಸೆ ಬೇರೆಯಾಗಲಿಲ್ಲ. ಅತ್ತೆ ಗಲ್ಲಾದ ಹತ್ತಿರ ಕೂತು ಬಂದವರ ಕೂದಲು ನೋಡಿ ಮುಖಕ್ಕೆ ಹೊಡೆದ ಹಾಗೆ ಅಭಿಪ್ರಾಯ ಹೇಳುವುದು, ಸೊಸೆ ಅದನ್ನು ನಗಿಸಿ ಸರಿ ಮಾಡುವುದು, ಹೀಗೆ ನಡೆದಿತ್ತು. ಮೇಲಿನ ಮಹಡಿಯಲ್ಲಿ ಟೈಲರ್ ಮಾಮ ಇದ್ದ. ಉಳಿದವರೆಲ್ಲ ಖಾಲಿ ಮಾಡಿ ಹೋಗಿಯಾಗಿತ್ತು. ಕಟ್ಟಡ ಕೆಡವಿ ಎತ್ತರದ್ದೊಂದನ್ನು ಎಬ್ಬಿಸಬೇಕೆಂದು ಓನರು ಹಟ ಹಿಡಿದಿದ್ದ. ಮೊದಲು ಮೆಟ್ಟಿಲಿನ ಬಲ್ಬು ಹೋಯಿತು, ಆಮೇಲೆ ಗೇಟಿನ ಚಿಲಕ ಹೋಯಿತು. ಈಗ ನೀರು.

ಓನರು ಸಂಜೆ ಬಂದ. ಕೂಲಿಂಗ್ ಗ್ಲಾಸು ತಲೆಯ ಮೇಲಿತ್ತು.

"ಹೊಸ ಟ್ಯಾಂಕು ನಾನು ಹಾಕಿಸಲ್ಲ. ನೀವು ಹಾಕಿಸೋ ಹಾಗೂ ಇಲ್ಲ. ಇರೋದನ್ನ ರಿಪೇರಿ ಮಾಡ್ಕೋಬಹುದು ಅಂತ ಅಗ್ರಿಮೆಂಟಲ್ಲಿದೆ, ಅಷ್ಟೇ."

"ಹಾಗಾದ್ರೆ ರಿಪೇರಿ ಮಾಡ್ಕೋತೀವಿ" ಎಂದಳು ಅಕ್ಕ.

"ಮಾಡ್ಕೊಳ್ಳಿ ಮಾಡ್ಕೊಳ್ಳಿ. ಬೆಂಕಿ ಗಿಂಕಿ ಅಂತ ತಾರಸಿ ಮೇಲೆ ವೆಲ್ಡಿಂಗ್ ಮಾತ್ರ ಬೇಡ. ಅಂಟಿಸ್ತೀರಾದ್ರೆ ಅಂಟಿಸಿ. ಈ ಪ್ಲಾಸ್ಟಿಕ್‌ಗೆ ಯಾವ ಅಂಟೂ ಹಿಡಿಯಲ್ಲ. ನಾನು ವಿಚಾರಿಸಿದೀನಿ" ಎಂದು ನಕ್ಕ.

ಅವನು ಹೋದ ಮೇಲೆ ಅತ್ತೆ ಗುರ್ ಎಂದರು. "ಒಡೆಯೋಕೆ ಮುಂಚೆನೇ ವಿಚಾರಿಸಿದ್ನಾ ಅಂತ ಕೇಳಬೇಕಿತ್ತು ನೀನು!"

"ಯಾರು ಒಡೆದ್ರು ಅನ್ನೋದು ಆಮೇಲೆ ನೋಡೋಣ ಅತ್ತೆ. ಹಿಡಿಯಲ್ಲ ಅಂದ್ನಲ್ಲ, ಹಿಡಿಸಿ ತೋರಿಸ್ತೀನಿ."

ಬಾಯಲ್ಲಿ ಅಂದಷ್ಟು ಸುಲಭ ಇರಲಿಲ್ಲ. ಉಗುರು ಅಂಟಿಸಲು ಇಟ್ಟಿದ್ದ ಸೂಪರ್ ಗ್ಲೂ ಅಷ್ಟನ್ನೂ ಸುರಿದು ಬಟ್ಟೆಯ ತೇಪೆ ಹಾಕಿದಳು. ಒಣಗಿದ ಮೇಲೆ ಬೆರಳು ತಾಗಿಸಿದರೆ ಹಪ್ಪಳದ ಹಾಗೆ ಎದ್ದು ಬಂತು. ಟೈಲರ್ ಮಾಮ ಎರಡು ಟ್ಯೂಬು ಕಲಸುವ ಎಪಾಕ್ಸಿ ಅಂಟು ತಂದ. ಅದು ಕಲ್ಲಿನಂತೆ ಗಟ್ಟಿಯಾಯಿತು, ಗಟ್ಟಿಯಾದ ಹಾಗೇ ಇಡೀ ಬಿಲ್ಲೆ ಕಳಚಿ ಕೈಗೆ ಬಂತು. ಅದರ ಹಿಂಬದಿ ಕನ್ನಡಿಯಷ್ಟು ನುಣುಪು. ಬಚ್ಚಲಿನ ಸಂದಿಗೆ ತುಂಬುವ ಸಿಲಿಕೋನ್ ಬಳಿದರು. ಅದು ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿಯಿತು.

"ಬೇರೆ ಕಡೆ ಅಂಗಡಿ ನೋಡ್ಬಿಡೋಣವೇನಮ್ಮ?" ಎಂದ ಟೈಲರ್ ಮಾಮ, ಬೀದಿ ನಲ್ಲಿಯಿಂದ ಬಕೆಟ್ಟು ಹೊತ್ತು ಹೊತ್ತು ಸೊಂಟ ಹಿಡಿದುಕೊಂಡು.

"ನೋಡೋಣ ಮಾಮ. ಅಗ್ರಿಮೆಂಟು ಮುಗಿದ ಮೇಲೆ, ನಮಗೆ ಬೇಕಾದಾಗ. ಅವನು ಓಡಿಸಿದಾಗ ಅಲ್ಲ."

ಹಿಂದಿನ ಬೀದಿಯಲ್ಲಿ ಬಣ್ಣ, ಅಂಟು, ಮರಳುಕಾಗದ ಮಾರುವ ಅಂಗಡಿಯೊಂದಿತ್ತು. ಅದನ್ನು ನಡೆಸುವ ಹೆಂಗಸು ಒಂದು ಕಾಲದಲ್ಲಿ ದೋಣಿ ಕಟ್ಟುವ ಕಾರ್ಖಾನೆಯಲ್ಲಿದ್ದವಳು. ಅಕ್ಕ ಕಳಚಿ ಬಂದ ಎಪಾಕ್ಸಿ ಬಿಲ್ಲೆಯನ್ನು ಅವಳ ಕೌಂಟರಿನ ಮೇಲಿಟ್ಟು ಕತೆಯೆಲ್ಲ ಹೇಳಿದಳು. ಹೆಂಗಸು ಅಂಟಿನ ಬಾಟಲಿಯೊಂದನ್ನು ಎತ್ತಿ ತೋರಿಸಿದಳು.

"ಈ ಬಾಟ್ಲಿ ಇದೆಯಲ್ಲ, ಇದೂ ನಿಮ್ಮ ಟ್ಯಾಂಕೂ ಒಂದೇ ಜಾತಿ ಪ್ಲಾಸ್ಟಿಕ್ಕು. ಅಂಟು ಇದಕ್ಕೇ ಹಿಡ್ಕೊಂಡ್ರೆ ಹೊರಗೆ ಬರೋದು ಹೇಗೆ ಹೇಳಿ?"

ಅಕ್ಕನಿಗೆ ನಗು ಬಂತು. "ಎಣ್ಣೆ ಕೂದಲಿಗೆ ಬಣ್ಣ ಹಿಡಿಯಲ್ಲವಲ್ಲ, ಹಾಗೆ ಅನ್ನಿ."

"ಎಣ್ಣೆಯಾದ್ರೆ ತೊಳೀಬಹುದಲ್ಲಮ್ಮ. ಇದರ ಹುಟ್ಟುಗುಣವೇ ಇದು, ಎಷ್ಟು ಉಜ್ಜಿದ್ರೂ ಪೂರ್ತಿ ಹೋಗಲ್ಲ." ಅವಳು ಬಾಟಲಿಯ ಮೈಮೇಲೆ ಒಂದು ಹನಿ ನೀರು ಬಿಟ್ಟಳು. ಹನಿ ಹರಡದೆ ಮುತ್ತಿನಂತೆ ದುಂಡಗೆ ನಿಂತಿತು. "ನೋಡಿ, ನೀರನ್ನೇ ಮೈಗೆ ತಾಗಿಸ್ಕೊಳ್ಳಲ್ಲ, ಅಂಟು ತಾಗಿಸ್ಕೊಳ್ಳತ್ತಾ? ಒಂದು ಪ್ರೈಮರ್ ಬರತ್ತೆ, ಅದನ್ನ ಹಚ್ಚಿ ಮೇಲೆ ಸೂಪರ್ ಗ್ಲೂ ಹಾಕಬಹುದು. ಡಬ್ಬಿ ಮುಚ್ಚಳಕ್ಕೆಲ್ಲ ಅದೇ ಸಾಕು. ಟ್ಯಾಂಕು ತುಂಬಿದಾಗ ಉಬ್ಬತ್ತೆ, ಖಾಲಿಯಾದಾಗ ಕುಗ್ಗತ್ತೆ. ಆ ಗ್ಲೂಗೆ ಬಗ್ಗೋ ಅಭ್ಯಾಸ ಇಲ್ಲ, ಸೀಳಿಬಿಡತ್ತೆ. ಮೈಗೆ ಬೆಂಕಿ ಸೋಕಿಸಿ, ಅಂಟು ಹಿಡಿಯೋ ಹಾಗೆ ಮಾಡಿ ಎಪಾಕ್ಸಿ ಹಚ್ಚೋದೂ ಉಂಟು."

"ಬೆಂಕಿ ಬೇಡ ಅಂದಿದಾನೆ."

"ಹಾಗಾದ್ರೆ ಇನ್ನೊಂದೇ ದಾರಿ. ಈ ಜಾತಿ ಪ್ಲಾಸ್ಟಿಕ್‌ಗೆ ಅಂತಲೇ ಮಾಡಿದ ಅಕ್ರಿಲಿಕ್ ಅಂಟು. ಜೋಡಿ ಟ್ಯೂಬಲ್ಲಿ ಬರತ್ತೆ, ಮೂತಿಯೊಳಗೇ ಬೆರೆಯತ್ತೆ. ಕೆಟ್ಟ ವಾಸನೆ, ಬೇಗ ಬಿಗಿಯತ್ತೆ, ನಿಧಾನ ಮಾಡಿದ್ರೆ ಕೆಲಸ ಕೆಟ್ಟ ಹಾಗೇ. ತರಿಸಿಕೊಡ್ತೀನಿ. ಆದ್ರೆ ಗ್ಯಾರಂಟಿ ಮಾತ್ರ ಕೇಳ್ಬೇಡಿ."

"ಗ್ಯಾರಂಟಿ ಯಾರಿಗೆ ಬೇಕು? ನೀವು ಅಂಟು ತರಿಸಿ."

ಅಂಟು ಬಂದ ಕೂಡಲೇ ಅವಳು ಟ್ಯಾಂಕಿಗೆ ಕೈ ಹಾಕಲಿಲ್ಲ. ಹೊಸ ಬಣ್ಣ ಬಂದರೆ ಒಂದು ಎಳೆಗೆ ಹಚ್ಚಿ ನೋಡದೆ ಗಿರಾಕಿಯ ತಲೆ ಮುಟ್ಟುವವಳಲ್ಲ. ಹಳೆಯ ಡ್ರಮ್ಮಿನ ಮುಚ್ಚಳದಿಂದ ಎರಡು ಪಟ್ಟಿ ಕತ್ತರಿಸಿ ಅಂಟಿಸಿಟ್ಟಳು. ಮಾರನೆಯ ದಿನ ಒಂದು ತುದಿ ಟೈಲರ್ ಮಾಮ ಹಿಡಿದ, ಇನ್ನೊಂದನ್ನು ಅವಳೇ ಇಕ್ಕಳದಲ್ಲಿ ಹಿಡಿದು ಎಳೆದಳು. ಪಟ್ಟಿ ಬೆಳ್ಳಗಾಗುತ್ತಾ ರಬ್ಬರಿನಂತೆ ಉದ್ದವಾಯಿತು. ಬೆಸುಗೆ ಬಿಡಲಿಲ್ಲ.

"ಎಳೀರೋ, ಊಟ ಮಾಡಿಲ್ವಾ ಇಬ್ರೂ?" ಎಂದರು ಅತ್ತೆ. ಸೊಸೆ ಹಲ್ಲು ಕಚ್ಚಿ ಮತ್ತೊಮ್ಮೆ ಜಗ್ಗಿದಳು. ಅಂಟಿದ ಜಾಗ ಹಾಗೇ ಉಳಿದು ಪಕ್ಕದಲ್ಲಿ ಪ್ಲಾಸ್ಟಿಕ್ಕೇ ಹರಿಯಿತು. ಟೈಲರ್ ಮಾಮ ಹಿಂದಕ್ಕೆ ಜೋಲಿ ಹೊಡೆದು ಹೇರ್ ಡ್ರೈಯರಿನ ಕೆಳಗಿನ ಕುರ್ಚಿಯಲ್ಲಿ ಕುಕ್ಕರಿಸಿದ.

ಪಾರ್ಲರಿಗೆ ರಜೆಯಿದ್ದ ದಿನ ಕೆಲಸ ಹಿಡಿದರು. ಸೀಳು ಮುಂದೆ ಓಡದಿರಲೆಂದು ಅದರ ಎರಡೂ ತುದಿಗೆ ಸಣ್ಣ ತೂತು ಕೊರೆದರು. ಸುತ್ತಲೂ ಮರಳುಕಾಗದ ಉಜ್ಜಿ, ಸ್ಪಿರಿಟ್ಟಿನಲ್ಲಿ ಒರೆಸಿ, ಮುಚ್ಚಳದ ತುಂಡಿಗೆ ಅಂಟು ಬಳಿದು ಒತ್ತಿ, ಲಾರಿಗೆ ಬಿಗಿಯುವ ಬೆಲ್ಟನ್ನು ಟ್ಯಾಂಕಿಗೆ ಸುತ್ತಿ ಎಳೆದು ಕಟ್ಟಿದರು. ಒಂದು ಇಡೀ ದಿನ ಬಿಟ್ಟು ಪಂಪು ಹಾಕಿದರು. ನೀರು ಅರ್ಧಕ್ಕೆ ಏರುವಷ್ಟರಲ್ಲಿ ತೇಪೆಯ ಕೆಳಗಿನ ಮೂಲೆಯಲ್ಲಿ ಹನಿ ಮೂಡಿತು. ಒಂದರ ಹಿಂದೆ ಇನ್ನೊಂದು.

ಟೈಲರ್ ಮಾಮ ತಲೆ ಮೇಲೆ ಕೈಯಿಟ್ಟು ಕೂತ. ಅಕ್ಕ ಆ ಮೂಲೆಯನ್ನೇ ನೋಡುತ್ತಾ ನಿಂತಳು. ಬಳಿಯುತ್ತಾ ಅಲ್ಲಿಗೆ ಬರುವಷ್ಟರಲ್ಲಿ ಅಂಟು ಬಿಗಿಯಲು ಶುರುವಾಗಿತ್ತು, ತಾನು ನಾಜೂಕು ಮಾಡುತ್ತಾ ತಡ ಮಾಡಿದ್ದೆ ಎಂಬುದು ಅವಳಿಗೆ ಗೊತ್ತಿತ್ತು.

"ಖಾಲಿ ಮಾಡು ಮಾಮ" ಎಂದಳು.

"ಅಂಗಡೀನಾ?"

"ಟ್ಯಾಂಕನ್ನ!"

ಈ ಸಲ ಹಳೆಯ ತೇಪೆಯನ್ನೂ ಒಳಗೆ ಮಾಡಿಕೊಳ್ಳುವಷ್ಟು ದೊಡ್ಡ ತುಂಡು ಕತ್ತರಿಸಿದಳು. ಒಬ್ಬಳೇ ಹಚ್ಚಲು ಹೋಗದೆ ಇಬ್ಬರೂ ಎರಡು ಬದಿಯಿಂದ ಬಳಿದರು. ಬಣ್ಣ ಹಾಕುವಾಗ ಮಾತಾಡುವ ಗಿರಾಕಿಗೆ ಹೇಳುವ ಹಾಗೆ "ತುಟಿ ಮುಚ್ಚು, ಕೈ ಓಡಿಸು" ಎಂದು ಟೈಲರ್ ಮಾಮನನ್ನು ಗದರಿದಳು. ಮತ್ತೆ ಬೆಲ್ಟು ಬಿಗಿದು ಮತ್ತೆ ಕಾದರು.

ಪಂಪು ಹಾಕಿದ ಸುದ್ದಿ ಯಾರು ಮುಟ್ಟಿಸಿದರೋ, ಟ್ಯಾಂಕು ಕಂಠಮಟ್ಟ ತುಂಬುವ ಹೊತ್ತಿಗೆ ಓನರು ತಾರಸಿಯಲ್ಲಿದ್ದ. ಬಗ್ಗಿ ನೋಡಿದ. ತೇಪೆಯ ಸುತ್ತ ಒಣಗಿತ್ತು.

"ಇದೆಲ್ಲ ನಾಲ್ಕು ದಿನದ ಆಟ" ಎಂದು, ಮಾಮನ ಸಾಮಾನಿನ ಡಬ್ಬಿಯಿಂದ ಸ್ಕ್ರೂಡ್ರೈವರ್ ಎತ್ತಿಕೊಂಡು ತೇಪೆಯ ಅಂಚಿಗೆ ತೂರಿಸಲು ಹೋದ.

"ಕೈ ತೆಗಿ!" ಹಿಂದಿನಿಂದ ದನಿ ಬಂತು. ಮಂಡಿ ನೋವೆಂದು ವರ್ಷಗಳಿಂದ ಒಂದು ಮೆಟ್ಟಿಲೂ ಹತ್ತದ ಅತ್ತೆ ಏದುಸಿರು ಬಿಡುತ್ತಾ ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಗಿರಾಕಿಗಳು: ಒಬ್ಬಳ ತಲೆ ತುಂಬ ಬಣ್ಣ ಹಚ್ಚಿ ಸುತ್ತಿದ ಬೆಳ್ಳಿಹಾಳೆ, ಇನ್ನೊಬ್ಬಳ ಮುಖಕ್ಕೆ ಹಸಿರು ಲೇಪ.

ಅಕ್ಕ ಅತ್ತೆಯ ತೋಳು ಹಿಡಿದಳು. "ಬಿಡಿ ಅತ್ತೆ. ಕೀಳಲಿ. ಕೀಳೋಕೆ ಆದ್ರೆ ನಾವು ನಾಳೆನೇ ಜಾಗ ಖಾಲಿ ಮಾಡ್ತೀವಿ."

ಟೈಲರ್ ಮಾಮ ಗಾಬರಿಯಾಗಿ ಅವಳ ಮುಖ ನೋಡಿದ. ಅವಳು ತೇಪೆಯಿಂದ ಕಣ್ಣು ಕದಲಿಸಲಿಲ್ಲ. ಓನರು ಅಂಚಿಗೆ ಚುಚ್ಚಿ ಮೀಟಿದ. ಮುಚ್ಚಳದ ತುಂಡು ಬಾಗಿತು, ಬೆಳ್ಳಗಾಯಿತು, ಏಳಲಿಲ್ಲ. ಎರಡೂ ಕೈ ಹಾಕಿ ಮೀಟಿದ. ಸ್ಕ್ರೂಡ್ರೈವರ್ ಜಾರಿ ಗೆಣ್ಣಿನ ಚರ್ಮ ಹೋಯಿತು. ಕೈ ಒದರುತ್ತಾ ಎದ್ದು ನಿಂತ.

"ಡೆಟಾಲ್ ಕೆಳಗಿದೆ" ಎಂದರು ಅತ್ತೆ. "ಸೊಸೆ ಹಚ್ತಾಳೆ. ನೀರಂತೂ ಬರ್ತಾ ಇದೆ, ತೊಳ್ಕೋಬಹುದು."

ಹಸಿರು ಲೇಪದವಳು ನಕ್ಕಳು, ನಕ್ಕಿದ್ದರಿಂದ ಲೇಪ ಬಿರಿಯಿತು. ಓನರು ಗೆಣ್ಣು ಒತ್ತಿ ಹಿಡಿದುಕೊಂಡು ಇಳಿದು ಹೋದ. ಮತ್ತೆ ಆ ಟ್ಯಾಂಕಿನ ತಂಟೆಗೆ ಅವನು ಬರಲಿಲ್ಲ.

ಅಗ್ರಿಮೆಂಟು ಮುಗಿಯುವ ತನಕ ಅವರು ಅಲ್ಲೇ ಇದ್ದರು. ತೇಪೆಯ ಒಂದು ಕಡೆ ಒಮ್ಮೆ ಸಣ್ಣಗೆ ಜಿನುಗಿದಾಗ ಅಕ್ಕನೇ ಹತ್ತಿ ಸರಿಮಾಡಿ ಬಂದಳು. ಹೊಸ ಕಟ್ಟಡದಲ್ಲಿ ಅಂಗಡಿ ಕೊಡುತ್ತೇನೆಂದು ಓನರು ಕೊನೆಗೆ ಹೇಳಿ ಕಳಿಸಿದ. ಬೇಡ ಎಂದು ಹೇಳಿ ಕಳಿಸಿದಳು. ಅಷ್ಟರಲ್ಲಿ ಎದುರು ಸಾಲಿನಲ್ಲೇ ಪಕ್ಕಪಕ್ಕದ ಎರಡು ಮಳಿಗೆ ಗೊತ್ತು ಮಾಡಿಯಾಗಿತ್ತು, ಒಂದು ಅವಳಿಗೆ, ಒಂದು ಮಾಮನಿಗೆ.

ಹಳೆಯ ಕಟ್ಟಡ ಕೆಡವಲು ಬಂದ ಕೆಲಸದವರು ಮಧ್ಯಾಹ್ನ ಮೈಯೆಲ್ಲ ಧೂಳಾಗಿ ರಸ್ತೆ ದಾಟಿ ಬಂದು ಅವಳ ಬಾಗಿಲಲ್ಲಿ ನಿಂತರು. ಮುಖ ತೊಳೆಯಲು ನೀರು ಬೇಕಿತ್ತು. ಅವಳು ಶಾಂಪೂ ತೊಟ್ಟಿಯ ಪೈಪು ಹೊರಗೆ ಎಳೆದುಕೊಟ್ಟಳು. ಅತ್ತೆ ಕನ್ನಡಕ ಏರಿಸಿ ಸಾಲಾಗಿ ನಿಂತವರ ತಲೆ ನೋಡಿದರು.

"ಒಬ್ಬನ ಕೂದಲಾದ್ರೂ ಸರಿಯಾಗಿದೆಯೇನೇ? ಒಳಗೆ ಕರಿ, ಒಬ್ಬೊಬ್ಬರನ್ನೇ."